ಡೆಟ್ರಾಯಿಟ್‌ಗೆ ಹೊತ್ತೊಯ್ದ ಸುಡಾನಿನ ಮಾತು

ಚಿಕಾಗೋ ಬಳಿಯ ಲಿಸ್ಲ್‌ನಿಂದ ನಾವು ಹೊರಟದ್ದು ನವೆಂಬರ್ ತಿಂಗಳ ಒಂದು ಶುಕ್ರವಾರ, ಬೆಳಗಿನ ಉಪ್ಪಿಟ್ಟು ತಿಂದು. ಹೊರಗೆ ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಅದು ಎಷ್ಟಾಗುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಮೂಗಿಗೇ ಗೊತ್ತಾಗುತ್ತಿತ್ತು. ಕಾರು ನನ್ನ ತಮ್ಮ ನಾಗರಾಜನದು, ನಾವು ಇಳಿದುಕೊಂಡಿದ್ದದ್ದೂ ಅವನ ಮನೆಯಲ್ಲೇ. ಹಿಂದಿನ ಸೀಟಿನಲ್ಲಿ ನಾನು, ಪುಳಿಯೋಗರೆ ಡಬ್ಬ, ಮೊಸರನ್ನದ ಡಬ್ಬ, ಕಾಫಿಯ ಥರ್ಮಾಸು. ಮುಂದಿನ ಸೀಟಿನಲ್ಲಿ ನಮ್ಮ ಯಜಮಾನರು, ಅವರ ತೊಡೆಯ ಮೇಲೆ ಅವರ ಭಾಷಣ. ಅದನ್ನು ಹಿಂದೆ ಕೊಡಿ, ಪುಳಿಯೋಗರೆಯ ಪಕ್ಕ ಭದ್ರವಾಗಿರುತ್ತದೆ ಎಂದೆ. ಎಣ್ಣೆ ಸೋರುತ್ತದೆ ಎಂದು ಕೊಡಲಿಲ್ಲ.

ಇವರ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಗೆಳೆಯರೆಲ್ಲ ಸೈಟು, ಶುಗರ್, ಸತ್ಸಂಗ ಎಂದು ಒಂದೊಂದನ್ನು ಹಿಡಿದುಕೊಂಡರೆ, ಇವರು ಹಿಡಿದುಕೊಂಡದ್ದು ಸುಡಾನ್. ನೂರಾ ಚಿಲ್ಲರೆ ವರ್ಷದ ಹಿಂದೆ ಅಲ್ಲಿ ಮಹದಿ ಎಂದು ತನ್ನನ್ನು ಕರೆದುಕೊಂಡ ಒಬ್ಬ ಫಕೀರ ಪರದೇಶದ ಆಳ್ವಿಕೆಯ ವಿರುದ್ಧ ದಂಗೆ ಎಬ್ಬಿಸಿದ್ದ. ಆ ದಂಗೆಯನ್ನು ಅಡಗಿಸಲು ಇಂಗ್ಲಿಷರು ಹಡಗಿನಲ್ಲಿ ಕರೆದೊಯ್ದವರಲ್ಲಿ ನಮ್ಮ ಬೆಂಗಳೂರು ದಂಡಿನ ಸಿಪಾಯಿಗಳೂ ಇದ್ದರು. ಎಲ್ಲೋ ಒಂದು ಹಳೆಯ ಪುಸ್ತಕದಲ್ಲಿ ಈ ಒಂದು ಸಾಲು ಓದಿದ್ದೇ ತಡ, ಇವರಿಗೆ ಹಿಡಿದ ಗೀಳು ಬಿಡಲಿಲ್ಲ. ನೆಂಟರ ಮದುವೆಯಲ್ಲಿ ಪಾಯಸ ಬಡಿಸಿಕೊಳ್ಳುತ್ತಾ ನೈಲ್ ನದಿಯ ಪ್ರವಾಹದ ಬಗ್ಗೆ ಮಾತಾಡುವ ಗಂಡನನ್ನು ನಾನು ಬಹಳ ವರ್ಷ ಸಹಿಸಿದ್ದೇನೆ.

ಡೆಟ್ರಾಯಿಟ್ ಕಡೆಯ ಕನ್ನಡಿಗರ ಒಂದು ಸಂಘದವರು ರಾಜ್ಯೋತ್ಸವಕ್ಕೆ ಭಾಷಣ ಮಾಡಲು ಇವರನ್ನು ಕರೆದಿದ್ದರು. ಅಧ್ಯಕ್ಷರ ಹೆಸರು ಪ್ರಸನ್ನ, ನಮ್ಮ ನಾಗುವಿನ ಎಂಜಿನಿಯರಿಂಗ್ ಸಹಪಾಠಿ. "ಯಾವ್ದಾದ್ರೂ ಹಿಸ್ಟರಿ ಬಗ್ಗೆ ಮಾತಾಡಿ ಸಾರ್" ಎಂದಿದ್ದರು. ಇವರು ವಿಷಯ ಬರೆದು ಕಳಿಸಿದರು: ಬೆಂಗಳೂರು ದಂಡಿನಿಂದ ಸುಡಾನಿಗೆ. "ಸೂಪರ್ ಸಾರ್" ಎಂದು ಉತ್ತರ ಬಂತು. ನಾನು ನಂಬಿದೆ. ಇಷ್ಟು ವರ್ಷದಲ್ಲಿ ಸುಡಾನಿಗೆ ಸೂಪರ್ ಎಂದ ಮೊದಲ ಕನ್ನಡಿಗ ಎಂದುಕೊಂಡೆ.

ಹೋಗಲು ಇನ್ನೊಂದು ಕಾರಣವಿತ್ತು, ಅದನ್ನು ಕಾರಿನಲ್ಲಿ ಯಾರೂ ಎತ್ತಲಿಲ್ಲ. ನಾಗುವಿಗೆ ಬೇಸಿಗೆಯಲ್ಲಿ ಕೆಲಸ ಹೋಗಿತ್ತು. ಗ್ರೀನ್ ಕಾರ್ಡ್ ಇದ್ದದ್ದರಿಂದ ದೇಶ ಬಿಡಬೇಕಾಗಿರಲಿಲ್ಲ, ಮನೆ ಬಿಡಬೇಕಾಗಬಹುದಿತ್ತು. ಪ್ರಸನ್ನ ಡೆಟ್ರಾಯಿಟ್ ಬಳಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಮ್ಯಾನೇಜರ್, ನಾಗುವಿನ ಅರ್ಜಿ ಅವರ ಕೈಯಲ್ಲಿತ್ತು. ಲಿಸ್ಲ್‌ನ ದೊಡ್ಡ ರಸ್ತೆಯುದ್ದಕ್ಕೂ ಗಾಜಿನ ಕಚೇರಿಗಳ ಮುಂದೆ ಬಾಡಿಗೆಗೆ ಎಂಬ ಬೋರ್ಡುಗಳು ನಿಂತಿದ್ದವು. ನಾಗು ಹಿಂದೆ ಕೂರುತ್ತಿದ್ದ ಕಟ್ಟಡವೂ ಅದರಲ್ಲಿ ಒಂದು. ಅದರ ಮುಂದೆ ಹಾದಾಗ ಅವನು ರೇಡಿಯೋದ ಚಾನಲ್ ಬದಲಾಯಿಸಿದ.

ದಾರಿಯಲ್ಲೇ ಸಿಗುವ ಲೆಮಾಂಟ್‌ನಲ್ಲಿ ಇಳಿದು, ಗುಡ್ಡದ ಮೇಲಿನ ದೇವಸ್ಥಾನದಲ್ಲಿ ನಾಗುವಿನ ಹೆಸರಿನಲ್ಲಿ ಅರ್ಚನೆ ಮಾಡಿಸಿದೆವು. ವಾರದ ದಿನವಾದರೂ ಜನ ಇದ್ದರು. ಮಧ್ಯವಯಸ್ಸಿನ ಗಂಡಸರು, ಆಫೀಸಿನ ಹೊತ್ತಿನಲ್ಲಿ, ಜೀನ್ಸ್ ತೊಟ್ಟು. ಒಬ್ಬರ ಮುಖ ಒಬ್ಬರು ನೋಡದೆ ಪ್ರದಕ್ಷಿಣೆ ಹಾಕುತ್ತಿದ್ದರು. ಅರ್ಚಕರು ಗೋತ್ರ, ನಕ್ಷತ್ರ ಕೇಳಿದರು. ಸಂಕಲ್ಪ ಏನು ಎಂದು ಮಾತ್ರ ಕೇಳಲಿಲ್ಲ. ಆ ವರ್ಷ ಎಲ್ಲರ ಸಂಕಲ್ಪವೂ ಒಂದೇ ಆಗಿತ್ತು ಎಂದು ಕಾಣುತ್ತದೆ.

ಅಲ್ಲಿಂದ ಪೂರ್ವಕ್ಕೆ ಸುಮಾರು ಮುನ್ನೂರು ಮೈಲಿ. ಇಂಡಿಯಾನಾದ ಉಕ್ಕಿನ ಕಾರ್ಖಾನೆಗಳ ಚಿಮಣಿಗಳಲ್ಲಿ ಅರ್ಧ ಹೊಗೆಯಾಡುತ್ತಿದ್ದವು, ಅರ್ಧ ಸುಮ್ಮನಿದ್ದವು. ಇವರಿಗೆ ಕೇಳುವ ಕಿವಿಯೊಂದು ಪಕ್ಕದಲ್ಲೇ ಸ್ಟಿಯರಿಂಗ್ ಹಿಡಿದು ಕೂತಿತ್ತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಶುರು ಮಾಡಿದರು.

"ಈಜಿಪ್ಟಿನ ಪಾಷಾಗಳು ಆಳ್ತಿದ್ರು ನಾಗು, ತುರ್ಕರ ಹೆಸರಲ್ಲಿ. ಬಾವಿಯಿಂದ ನೀರೆತ್ತೋ ರಾಟೆಗೂ ತೆರಿಗೆ. ಕೊಡ್ಲಿಲ್ಲ ಅಂದ್ರೆ ನೀರಾನೆ ಚರ್ಮದ ಚಾವಟಿ. ಅರವತ್ತು ವರ್ಷ ಹೀಗೇ ನಡೀತು. ಆಮೇಲೆ ದೋಣಿ ಕಟ್ಟೋರ ಮನೆ ಹುಡುಗ ಒಬ್ಬ, ನೈಲ್ ನದೀಲಿ ಒಂದು ದ್ವೀಪದಲ್ಲಿ ಜಪತಪ ಮಾಡ್ಕೊಂಡು ಇದ್ದೋನು, ಎದ್ದು ಹೇಳ್ದ: ನಾನೇ ಮಹದಿ, ದೇವರು ದಾರಿ ತೋರಿಸಿ ಕಳಿಸಿದೋನು, ಇನ್ನು ತೆರಿಗೆ ಕೊಡಬೇಡಿ ಅಂತ."

"ಸರ್ಕಾರ ಸುಮ್ನೆ ಬಿಡ್ತಾ ಭಾವ?"

"ಹಬೆ ಹಡಗಲ್ಲಿ ಎರಡು ತುಕಡಿ ಕಳಿಸ್ತು. ಕತ್ತಲಲ್ಲಿ ಇಳಿದು, ಎರಡು ಕಡೆಯಿಂದ ಬಂದು, ಅವರವರೇ ಗುಂಡು ಹಾರಿಸ್ಕೊಂಡ್ರು. ಉಳಿದೋರನ್ನ ಇವನ ಜನ ದೊಣ್ಣೆ, ಭರ್ಜೀಲಿ ಮುಗಿಸಿದ್ರು. ಅಷ್ಟೇ ಸಾಕಾಯ್ತು. ಇಡೀ ದೇಶ ಹಿಂದೆ ಬಂತು. ಬಡವ, ಶ್ರೀಮಂತ, ಎಲ್ಲಾ ತೇಪೆ ಹಾಕಿದ ಅಂಗೀನೇ ಹಾಕ್ಕೋಬೇಕು ಅಂತ ಮಾಡ್ದ. ಹರಿದಿರದೆ ಇದ್ರೂ ತೇಪೆ."

ನಾಗು ಕೇಳಿದ: "ಅಂದ್ರೆ, ಈಗಿನ ಟೆರರಿಸ್ಟ್‌ಗಳ ಥರಾನಾ?"

"ನಮ್ಮೂರಲ್ಲಿ ಬ್ರಿಟಿಷರ ವಿರುದ್ಧ ದೇವರ ಹೆಸರು ಹೇಳ್ಕೊಂಡು ಕತ್ತಿ ಹಿಡಿದೋರಿಗೆ ನೀನು ಏನಂತೀಯ?"

ನಾನು ಹಿಂದಿನಿಂದ ಬಾಯಿ ಹಾಕಿದೆ. "ಅವನ ಜೊತೆ ಗುಲಾಮರನ್ನ ಮಾರೋ ವ್ಯಾಪಾರಿಗಳೂ ಸೇರ್ಕೊಂಡಿದ್ರು ಅಂತ ನೀವೇ ಹೇಳಿದ್ರಲ್ಲ. ಗೆದ್ದ ಮೇಲೆ ಬರ ಬಂದು ಜನ ಸತ್ತರು, ಆಳೋರು ಕಣ್ಣು ಬಿಡಲಿಲ್ಲ ಅಂತಲೂ ಹೇಳಿದ್ರಿ."

"ಅದನ್ನೂ ಹೇಳ್ತೀನಿ ನಾಳೆ," ಎಂದರು. "ಇದ್ದದ್ದನ್ನ ಇದ್ದ ಹಾಗೆ ಹೇಳೋದು. ಆದ್ರೆ ನಮ್ಮ ಜನದ ಪಾಲು ಎಷ್ಟು ಅನ್ನೋದು ಮೊದಲು."

ಈ ಮನುಷ್ಯನ ಜೊತೆ ಬಾಳುವುದು ಕಷ್ಟ. ಆದರೆ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಇದನ್ನು ಈಗಲೇ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಮಿಷಿಗನ್ ಗಡಿ ದಾಟುತ್ತಿದ್ದಂತೆ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ, ಕೊರೆಯುವ ಗಾಳಿಯಲ್ಲಿ, ಮರದ ಬೆಂಚಿನ ಮೇಲೆ ಪುಳಿಯೋಗರೆ ತಿಂದೆವು. ಪಕ್ಕದ ಬೆಂಚಿನಲ್ಲಿ ಒಂದು ಕುಟುಂಬ. ಅವರ ಗಾಡಿಯ ಮೇಲೆ ಹಾಸಿಗೆ, ಕುರ್ಚಿ, ಮಗುವಿನ ಸೈಕಲ್ಲು ಎಲ್ಲ ಹಗ್ಗ ಹಾಕಿ ಕಟ್ಟಿತ್ತು. ಡೆಟ್ರಾಯಿಟ್‌ನಿಂದ ಟೆಕ್ಸಾಸಿಗೆ ಹೊರಟವರಂತೆ. ನೀವು ಎಲ್ಲಿಗೆ ಎಂದು ಆ ಹೆಂಗಸು ಕೇಳಿದಳು. ಡೆಟ್ರಾಯಿಟ್‌ಗೆ, ಕೆಲಸ ಹುಡುಕಿಕೊಂಡು ಎಂದು ನಾಗು ಹೇಳಿದ. ಆಕೆ ನಗಲಿಲ್ಲ, ಅವನ ಕೈಗೆ ಒಂದು ಸೇಬು ಕೊಟ್ಟಳು.

ಸಂಜೆಗೆ ಮುಂಚೆ ಡಿಯರ್‌ಬಾರ್ನ್ ತಲುಪಿದೆವು. ಅಂಗಡಿಗಳ ಬೋರ್ಡೆಲ್ಲ ಅರಬ್ಬಿಯಲ್ಲಿ, ಬೇಕರಿಗಳಿಂದ ಎಳ್ಳಿನ ವಾಸನೆ. ಅಲ್ಲಿ ಆಮ್ನಾ ಎಂಬ ಹೆಂಗಸಿನ ಮನೆ. ಸುಡಾನಿನವರು, ಇಲ್ಲಿನ ಒಂದು ಶಾಲೆಯಲ್ಲಿ ಅರಬ್ಬಿ ಕಲಿಸುತ್ತಾರೆ. ಇವರಿಗೆ ಆ ದಂಗೆಯ ಕಾಲದ ಅರಬ್ಬಿ ಪತ್ರಗಳ ಅರ್ಥ ಬಿಡಿಸಿಕೊಟ್ಟವರು ಅವರೇ, ನಾಲ್ಕು ವರ್ಷದಿಂದ ಇ-ಮೇಲಿನಲ್ಲಿ. ಮುಖ ನೋಡಿದ್ದು ಅಂದೇ ಮೊದಲು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆಮ್ನಾ ಅವರೇ ಬಾಗಿಲು ತೆರೆದರು. ನೇರಳೆ ಬಣ್ಣದ ಒಂದೇ ಉದ್ದ ಬಟ್ಟೆಯನ್ನು ಮೈಗೆ ಸುತ್ತಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರು. ಅವರೂ ನನ್ನ ಸೀರೆಯ ಅಂಚು ಹಿಡಿದು ಎಷ್ಟು ಗಜ ಎಂದು ಕೇಳಿದರು. ಇಬ್ಬರೂ ನಿಂತಲ್ಲೇ ಅಳತೆ ಹೋಲಿಸಿದೆವು. ಗಂಡಸರಿಬ್ಬರೂ ಚಳಿಯಲ್ಲಿ ಹೊರಗೇ ಉಳಿದಿದ್ದಾರೆ ಎಂಬುದು ಆಮೇಲೆ ನೆನಪಾಯಿತು.

ನಾವು ಮಾಂಸ ತಿನ್ನುವುದಿಲ್ಲ ಎಂದು ತಿಳಿದು, ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾಗದದಷ್ಟು ತೆಳ್ಳಗೆ ಹುಯ್ದ ದೋಸೆ ಮಾಡಿದ್ದರು. ಕಿಸ್ರಾ ಎನ್ನುತ್ತಾರಂತೆ. ಜೊತೆಗೆ ಬೇಳೆಯ ಸಾರು, ಒಣ ಬೆಂಡೆಕಾಯಿಯ ಗೊಜ್ಜು. ನಾನು ಎರಡು ಸಲ ಹಾಕಿಸಿಕೊಂಡೆ, ನಾಗು ನಾಲ್ಕು ಸಲ. ಕೊನೆಗೆ ಗಾಜಿನ ಲೋಟದಲ್ಲಿ ಕೆಂಪು ಪಾನಕ ಬಂತು, ಒಂದು ಜಾತಿಯ ದಾಸವಾಳವನ್ನು ಒಣಗಿಸಿ ಕುದಿಸಿದ್ದು. ಹೂವನ್ನು ಊರಿನಲ್ಲಿ ತಮ್ಮ ತಾಯಿಯೇ ಒಣಗಿಸಿ ಕಳಿಸುತ್ತಾರೆ ಎಂದರು.

ತಾಯಿಯ ಮಾತು ಬಂದಾಗ ಅವರು ಲೋಟ ಕೆಳಗಿಟ್ಟರು. ತಾಯಿಯ ಕಡೆಯವರು ಕೆಂಪು ಸಮುದ್ರದ ದಡದ ಸುವಾಕಿನ್ ಎಂಬ ಬಂದರಿನ ಆಸುಪಾಸಿನವರು. ಇಂಗ್ಲಿಷರ ಸೈನ್ಯ ಬಂದಿಳಿದದ್ದು ಅಲ್ಲೇ. ಒಂದು ದಿನ ಮರಳುಗಾಡಿನಲ್ಲಿ ಸೈನ್ಯದವರು ಮುಳ್ಳು ಕಡಿದು ಬೇಲಿ ಕಟ್ಟುತ್ತಿದ್ದಾಗ ಮಹದಿಯ ಜನ ಪೊದೆಗಳಿಂದ ಎದ್ದು ಮೇಲೆ ಬಿದ್ದರು. ಅದರಲ್ಲಿ ಆಮ್ನಾ ತಾಯಿಯ ಮುತ್ತಜ್ಜನೂ ಇದ್ದ. ಹೊರಡುವ ಮುಂಚೆ ಅವನ ಹೆಂಡತಿ ಅಂಗಿಗೆ ಇನ್ನೊಂದು ತೇಪೆ ಹೊಲಿದು ಕೊಟ್ಟಿದ್ದಳು. ಅವನು ಬೇಲಿಯ ತನಕ ಹೋದ, ಬೇಲಿಯ ಹೊರಗೇ ಬಿದ್ದ.

"ಬೇಲಿ ಕಟ್ಟುತ್ತಿದ್ದವರಲ್ಲಿ ನಮ್ಮ ಬೆಂಗಳೂರಿನ ದಂಡಿನವರಿದ್ದರು," ಎಂದರು ಇವರು. "ಅದು ಅವರ ಕೆಲಸವೇ. ಬೇಲಿ, ಕಂದಕ, ಸೇತುವೆ."

"ನೀವು ಬರೆದಾಗಲೇ ಅಮ್ಮನಿಗೆ ಓದಿ ಹೇಳಿದೆ," ಎಂದರು ಆಮ್ನಾ. "ಅಮ್ಮ ಒಂದೇ ಮಾತು ಕೇಳಿದರು. ಬೇಲಿಯ ಒಳಗಿದ್ದವರ ಮನೆಗಳಲ್ಲಿ ಈಗ ಏನು ಹೇಳುತ್ತಾರೆ ಎಂದು."

"ಏನೂ ಹೇಳುವುದಿಲ್ಲ. ಯಾರಿಗೂ ಗೊತ್ತಿಲ್ಲ. ಅವರಿಗೂ ಹೊಟ್ಟೆಪಾಡು, ಸಂಬಳ ಕೊಟ್ಟವನು ಹೇಳಿದ ಕಡೆ ಹೋದರು. ಆದರೆ ಹೋದದ್ದಂತೂ ನಿಜ. ನಾಳೆ ನನ್ನ ಜನರ ಎದುರು, ನನ್ನ ಭಾಷೆಯಲ್ಲಿ ಹೇಳುತ್ತೇನೆ."

"ನಾನೂ ಬರುತ್ತೇನೆ. ಭಾಷೆ ತಿಳಿಯದಿದ್ದರೆ ಏನು. ನಾನು ಅಲ್ಲಿ ಕೂತಿದ್ದೆ, ಅವರು ಹೇಳಿದರು ಎಂದು ಅಮ್ಮನಿಗೆ ಹೇಳಬೇಕು."

ವೆಸ್ಟ್ ಬ್ಲೂಮ್‌ಫೀಲ್ಡ್‌ನ ಪ್ರಸನ್ನರ ಮನೆಗೆ ಹೋಗುವಾಗ ನಾಗು ಎಕ್ಸಿಟ್ ತಪ್ಪಿಸಿ ಡೆಟ್ರಾಯಿಟ್ ಊರೊಳಗೆ ನುಗ್ಗಿಬಿಟ್ಟ. ಬೀದಿಗೆ ಬೀದಿಯೇ ಖಾಲಿ. ಕಿಟಕಿಗಳಿಗೆ ಹಲಗೆ ಹೊಡೆದಿದ್ದರು, ಒಂದು ಮನೆಯ ಸೂರಿನ ಮೇಲೆ ಗಿಡ ಬೆಳೆದಿತ್ತು. ಒಂದೇ ಒಂದು ಮನೆಯ ಜಗುಲಿಯಲ್ಲಿ ಮುದುಕನೊಬ್ಬ ಎಲೆ ಗುಡಿಸುತ್ತಿದ್ದ, ಆಚೀಚೆ ಎಂಟು ಮನೆಗಳ ಎಲೆಯನ್ನೂ ಸೇರಿಸಿ. ನಾಗು ಕಾರಿನ ಬಾಗಿಲುಗಳಿಗೆ ಲಾಕ್ ಹಾಕಿದ. ಆ ಸದ್ದು ಮುದುಕನಿಗೆ ಕೇಳಿಸಿತು, ತಲೆ ಎತ್ತಿ ನೋಡಿದ. ನನಗೆ ನಾಚಿಕೆಯಾಯಿತು. ಅಲ್ಲಿಂದ ಅರ್ಧ ಗಂಟೆ ಡ್ರೈವ್ ಮಾಡಿದರೆ ಪ್ರಸನ್ನರ ಮನೆ. ಕೆರೆಯ ದಡದಲ್ಲಿ, ಮೂರು ಕಾರಿನ ಗರಾಜು, ದೇವರಿಗೇ ಒಂದು ಬೆಡ್‌ರೂಮು.

ಪ್ರಸನ್ನ ಕೆಟ್ಟವರೆಂದು ಹೇಳಲಾರೆ. ನಮಗೆ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು, ಇವರ ಮೊಣಕಾಲಿಗೆ ಬಿಸಿನೀರಿನ ಚೀಲ ತಂದಿಟ್ಟರು. ಶನಿವಾರ ಬೆಳಗ್ಗೆ ಇಡ್ಲಿ ತಿನ್ನುವಾಗ ಚಟ್ನಿ ಬಡಿಸುತ್ತಲೇ ಶುರು ಮಾಡಿದರು.

"ಸಾರ್, ಪ್ರೋಗ್ರಾಮ್ ಶೀಟ್ ಪ್ರಿಂಟ್ ಮಾಡೋಕ್ ಹೋದಾಗ ನಿಮ್ಮ ನೋಟ್ ಪೂರ್ತಿ ಓದ್ದೆ. ಕಮಿಟೀಲಿ ಸ್ವಲ್ಪ ಕನ್ಸರ್ನ್ ಇದೆ."

"ಮೂರು ತಿಂಗಳ ಹಿಂದೇನೇ ಕಳಿಸಿದ್ನಲ್ಲಪ್ಪ. ಸೂಪರ್ ಅಂದ್ರಿ."

"ಸುಡಾನ್ ಅಂತಿತ್ತಲ್ಲ, ಏನೋ ಸಫಾರಿ ವಿಷ್ಯ ಅಂದ್ಕೊಂಡೆ ಸಾರ್." ಅವರೇ ನಕ್ಕರು. "ಇದು ಮುಸ್ಲಿಂ ರೆಬೆಲಿಯನ್. ಜಿಹಾದ್ ಅಂತೆಲ್ಲಾ ವರ್ಡ್ಸ್ ಇದೆ. ನಾವು ಇಲ್ಲಿ ಹೊರಗಿನೋರು ಸಾರ್, ಟೈಮ್ ಬೇರೆ ಸರಿ ಇಲ್ಲ. ಏರ್‌ಪೋರ್ಟಲ್ಲಿ ನಮ್ಮನ್ನೂ ಅವರನ್ನೂ ಒಂದೇ ಪಕ್ಕಕ್ಕೆ ನಿಲ್ಲಿಸ್ತಾರೆ. ಯಾರೋ ವಿಡಿಯೋ ಹಾಕಿ, ಅದನ್ನ ಇನ್ಯಾರೋ ನೋಡಿ... ಯಾಕ್ ಬೇಕು? ದಸರಾ ಬಗ್ಗೆ ಹೇಳಿ ಸಾರ್. ಜಂಬೂ ಸವಾರಿ. ಮಕ್ಕಳಿಗೆ ಆನೆ ಅಂದ್ರೆ ಇಷ್ಟ."

"ಅಲ್ಲಿ ದಂಗೆ ಎದ್ದೋರೂ ಅರವತ್ತು ವರ್ಷ ಟೈಮ್ ಸರಿ ಇಲ್ಲ ಅಂತಾನೇ ಕೂತಿದ್ರು," ಎಂದರು ಇವರು.

ಪ್ರಸನ್ನರಿಗೆ ಸಿಟ್ಟು ಬರಲಿಲ್ಲ. ನಾಗುವಿನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿದರು. "ನಾಗು, ಮರೆತಿದ್ದೆ ನೋಡು. ನಿನ್ನ ರೆಸ್ಯೂಮೆ ಸೋಮವಾರ ಡೈರೆಕ್ಟರ್ ಹತ್ರ ತಗೊಂಡ್ ಹೋಗ್ತಿದೀನಿ. ನನ್ ಕೈಲಾದ್ದು ನಾನ್ ಮಾಡ್ತೀನಿ."

ಅಷ್ಟೇ. ಎರಡು ಮಾತಿಗೆ ನಂಟು ಹಾಕಲಿಲ್ಲ, ಪಕ್ಕಪಕ್ಕ ಇಟ್ಟರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೆಲಸ ಮುಗಿಯಿತು. ನಾಗು ಇಡ್ಲಿಯನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದ.

ಹೊರಗೆ ಕಾರಿನ ಬಳಿ ಅವನು ಇವರಿಗೆ ಹೇಳಿದ: "ಭಾವ, ನೀವು ಮಾತಾಡಿ. ನನ್ನ ಕೆಲಸಕ್ಕೂ ಇದಕ್ಕೂ ಏನ್ ಸಂಬಂಧ? ನಿಜವಾಗ್ಲೂ ಹೇಳ್ತಿದೀನಿ. ನೀವು ಮಾತಾಡಿ."

ಹೇಳುವಾಗ ಅವನು ನಮ್ಮ ಮುಖ ನೋಡಲಿಲ್ಲ. ಕೈ ಮುಗಿದು ಬೇಡಿಕೊಂಡಿದ್ದರೆ ಇವರು ರೇಗುತ್ತಿದ್ದರು, ರೇಗಿ ಹೋಗಿ ಮಾತಾಡಿಬಿಡುತ್ತಿದ್ದರು. ಅವನು ಹೀಗೆ ದೊಡ್ಡ ಮನಸ್ಸು ಮಾಡಿದ್ದೇ ಇವರ ಕೈಕಾಲು ಕಟ್ಟಿಹಾಕಿತು. ಅತ್ತ ದರಿ, ಇತ್ತ ಪುಲಿ. ನಾನು ಇವರ ಕಡೆ ತಿರುಗಿದಾಗ "ನೀನೇನೂ ಹೇಳ್ಬೇಡ" ಎಂದರು. ನಾನು ಏನು ಹೇಳಬೇಕೆಂದಿದ್ದೆನೋ ನನಗೂ ಗೊತ್ತಿರಲಿಲ್ಲ.

ಸಮಾರಂಭ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ. ನಾನೂರು ಜನಕ್ಕೆ ಕಡಿಮೆಯಿರಲಿಲ್ಲ. ಬೆಂಕಿ ಹಚ್ಚಲು ಶಾಲೆಯವರು ಬಿಡುವುದಿಲ್ಲವಾದ್ದರಿಂದ, ಹಿತ್ತಾಳೆಯ ದೀಪದ ಕಂಬದ ಮೇಲೆ ಬ್ಯಾಟರಿ ದೀಪಗಳನ್ನಿಟ್ಟು, ಗಣ್ಯರು ಒಬ್ಬೊಬ್ಬರಾಗಿ ಬಂದು ಗುಂಡಿ ಒತ್ತಿದರು. ಇವರು ಒತ್ತಿದ್ದು ಹತ್ತಿಕೊಳ್ಳಲಿಲ್ಲ. ಪ್ರಸನ್ನರು ತಟ್ಟಿ ಹತ್ತಿಸಿದರು.

ಆಮ್ನಾ ಸಮಯಕ್ಕೆ ಸರಿಯಾಗಿ ಬಂದರು. ಇಂಥ ಸಭೆಗೆ ಸಮಯಕ್ಕೆ ಸರಿಯಾಗಿ ಬಂದವರು ಅವರೊಬ್ಬರೇ ಇರಬೇಕು. ಬಿಳಿಯ ಬಟ್ಟೆ ಸುತ್ತಿಕೊಂಡಿದ್ದರು, ಊರಿನಲ್ಲಿ ಹೆಂಗಸರು ಗೌರವದ ಸಂದರ್ಭಕ್ಕೆ ಉಡುವುದಂತೆ. ಎರಡನೇ ಸಾಲಿನಲ್ಲಿ ನನ್ನ ಪಕ್ಕ ಕೂತರು. ಅವರ ಇನ್ನೊಂದು ಪಕ್ಕದ ಕುರ್ಚಿ ಕೊನೆಯ ತನಕ ಖಾಲಿಯಿತ್ತು. ಸಭೆ ತುಂಬಿ, ಜನ ಗೋಡೆಗೆ ಒರಗಿ ನಿಂತಿದ್ದರೂ ಖಾಲಿಯಿತ್ತು. ಆಮ್ನಾ ಅದರ ಮೇಲೆ ತಮ್ಮ ಕೋಟು ಇಟ್ಟರು, ಅದಕ್ಕಾಗಿಯೇ ಬಿಟ್ಟಿದ್ದಾರೆ ಎಂಬಂತೆ.

ಮಕ್ಕಳ ಕುಣಿತ, ದೊಡ್ಡವರ ಕುಣಿತ, ಜಿಲ್ಲಾವಾರು ಸೀರೆಗಳ ಮೆರವಣಿಗೆ, ಒಂದು ನಗೆನಾಟಕ, ರ‍್ಯಾಫಲ್ ಡ್ರಾ. ಇವರ ಭಾಷಣ ಮೊದಲು ಮೂರು ಗಂಟೆಗೆ ಇತ್ತು, ನಾಲ್ಕಕ್ಕೆ ಹೋಯಿತು, ಆಮೇಲೆ ವಂದನಾರ್ಪಣೆಗೆ ಮುಂಚೆ ಎಂದರು. ಆಮ್ನಾ ಎಲ್ಲವನ್ನೂ ನೆಟ್ಟಗೆ ಕೂತು ನೋಡಿದರು. ಪ್ರತಿಯೊಂದಕ್ಕೂ ಚಪ್ಪಾಳೆ ತಟ್ಟಿದರು. ಪುಟ್ಟ ಹುಡುಗಿಯೊಬ್ಬಳು ಕುಣಿಯುತ್ತಾ ಅಳತೊಡಗಿದಾಗ ಆಮ್ನಾ ಅವರ ಕಣ್ಣಲ್ಲೂ ನೀರು ಬಂತು.

ನಿರೂಪಕಿ ಕೊನೆಗೆ ಹೇಳಿದಳು: "ಟೈಮ್ ಆಗಿದೆ, ಸೋ ಭಾಷಣದ ಬದಲು ಸಾರ್‌ಗೆ ಸನ್ಮಾನ!"

ಸನ್ಮಾನ ಎಂಬುದನ್ನು ಕಂಡುಹಿಡಿದ ನಮ್ಮ ಜನಕ್ಕೆ ಕೈ ಮುಗಿಯಬೇಕು. ಬಾಯಿ ಮುಚ್ಚು ಎಂದು ಹೇಳುವ ಕಷ್ಟವಿಲ್ಲ. ಜರಿ ಶಾಲು ಹೊದಿಸಿ ಕೈಯನ್ನು ಒಳಗೆ ಮಾಡಿದರು. ಮೈಸೂರು ಪೇಟ ಇಟ್ಟು ಕಿವಿ ಮುಚ್ಚಿದರು. ಗಂಧದ ಹಾರ ಹಾಕಿದರು, ಎರಡು ಕೈ ತುಂಬುವಷ್ಟು ಹಣ್ಣಿನ ಬುಟ್ಟಿ ಕೊಟ್ಟರು, ಅದರ ಮೇಲೆ ಗಂಡಭೇರುಂಡದ ಫಲಕ. ಭಾಷಣದ ಹಾಳೆಗಳು ಜುಬ್ಬದ ಜೇಬಿನಲ್ಲಿದ್ದವು. ತೆಗೆಯಲು ಯಾವ ಕೈ ಬಿಡುವಿತ್ತು? ದೇವರ ಹೆಸರಿನಲ್ಲಿ ಎದ್ದ ಮನುಷ್ಯ ಪಂಡಿತನಿಗೂ ಪಾಮರನಿಗೂ ತೇಪೆಯ ಅಂಗಿ ತೊಡಿಸಿದ್ದ ಎಂದು ಹೇಳಬೇಕಾಗಿದ್ದವರು ಜರಿಯಲ್ಲಿ ಮುಳುಗಿ ನಿಂತಿದ್ದರು.

"ಎರಡು ಮಾತು ಸಾರ್," ಎಂದು ಪ್ರಸನ್ನ ಮೈಕನ್ನು ಇವರ ಬಾಯಿಯ ಬಳಿ ಹಿಡಿದರು.

ಇವರು ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಮೈಕಿನ ಕಡೆ ಬಾಗಿದರು. ಆಮೇಲೆ, ಪಾಠ ಹೇಳುವ ಆ ಹಳೆಯ ಗಟ್ಟಿ ದನಿಯಲ್ಲಿ ಶುರು ಮಾಡಿದರು: "ಬೆಂಗಳೂರಿನ ದಂಡಿನಿಂದ ಹೊರಟ ನಮ್ಮ ಜನ, ಹಡಗು ಹತ್ತಿ, ಸಮುದ್ರ ದಾಟಿ..."

ಆಮ್ನಾ ನನ್ನ ಕೈ ಹಿಡಿದುಕೊಂಡರು. ಬೆಂಗಳೂರು ಎಂಬುದೊಂದು ಅವರಿಗೆ ತಿಳಿಯಿತಲ್ಲ. ಇವರು ತಲೆ ಎತ್ತಿದರು. ನಾಗು ಹಿಂದೆ, ಊಟದ ಮೇಜುಗಳ ಬಳಿ, ಸ್ವಯಂಸೇವಕನ ಬ್ಯಾಡ್ಜು ಹಾಕಿಕೊಂಡು ಕಾಗದದ ತಟ್ಟೆ ಜೋಡಿಸುತ್ತಿದ್ದ. ನಲವತ್ತೈದು ವರ್ಷದ ಗಂಡಸು, ಯಾರೂ ಹೇಳದಿದ್ದರೂ ಬೆಳಗಿನಿಂದ ಪ್ರಸನ್ನರ ಹಿಂದೆ ಹಿಂದೆ ಓಡಾಡಿ ಕೆಲಸ ಮಾಡುತ್ತಿದ್ದ. ಅವನ ಕೈ ನಿಂತಿತ್ತು.

"... ಸಮುದ್ರ ದಾಟಿ, ಇಷ್ಟು ದೂರದ ನಾಡಿಗೆ ಕನ್ನಡವನ್ನು ತಂದಿದ್ದಾರೆ. ಅದನ್ನು ನೋಡಿ ಸಂತೋಷವಾಯಿತು. ಎಲ್ಲರಿಗೂ ಒಳ್ಳೆಯದಾಗಲಿ."

ಚಪ್ಪಾಳೆ ಬಿತ್ತು. ಅದರ ಜೊತೆಗೇ ನಿರೂಪಕಿ ಊಟ ರೆಡಿ ಎಂದಳು. ನಾನೂರು ಜನ ಚಪ್ಪಾಳೆ ತಟ್ಟುತ್ತಲೇ ಎದ್ದು ನಿಂತರು, ಬಿಸಿಬೇಳೆ ಭಾತಿನ ಸಾಲಿನಲ್ಲಿ ಮುಂದೆ ಜಾಗ ಸಿಗಲೆಂದು. ಆಮ್ನಾ ಹಿಂದೆ ತಿರುಗಿ ನೋಡಿದರು. ತಾವೂ ಎದ್ದರು. ಬಿಳಿ ಬಟ್ಟೆಯ ಅಂಚಿನಿಂದ ಕಣ್ಣು ಒರೆಸಿಕೊಂಡರು.

ಇವರನ್ನು ವೇದಿಕೆಯಿಂದ ಇಳಿಸಿ, ಫೋಟೋಗಳೆಲ್ಲ ಮುಗಿದು, ನಾವು ಹೊರಗಿನ ಹಜಾರಕ್ಕೆ ಬರುವಷ್ಟರಲ್ಲಿ ಆಮ್ನಾ ಫೋನಿನಲ್ಲಿ ಅರಬ್ಬಿ ಮಾತಾಡಿ ಮುಗಿಸುತ್ತಿದ್ದರು. ನಮ್ಮ ಬಳಿ ಬಂದು ಇವರ ಶಾಲನ್ನು ಭುಜದ ಮೇಲೆ ಸರಿ ಮಾಡಿದರು.

"ಚಿಕ್ಕದಾಗಿ ಹೇಳಿದಿರಿ. ಒಳ್ಳೆಯದೇ ಆಯಿತು," ಎಂದರು. "ಅಷ್ಟೂ ಜನ ಎದ್ದು ನಿಂತರಲ್ಲ! ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಅಮ್ಮನಿಗೆ ಈಗಲೇ ಫೋನ್ ಮಾಡಿದೆ. ಬೇಲಿಯ ಒಳಗಿದ್ದವರ ಊರಿನವರು, ಹೆಂಗಸರು ಮಕ್ಕಳು ಎಲ್ಲ, ನಮ್ಮ ಅಜ್ಜನಿಗಾಗಿ ಎದ್ದು ನಿಂತರು ಎಂದು ಹೇಳಿದೆ. ಅಮ್ಮ ಅಳುತ್ತಿದ್ದರು."

ಹಜಾರದಲ್ಲಿ ಮಕ್ಕಳು ಬಲೂನು ಒಡೆಯುತ್ತಿದ್ದರು. ಇವರು ಹಣ್ಣಿನ ಬುಟ್ಟಿಯನ್ನು ನೆಲದ ಮೇಲಿಟ್ಟರು. ಪೇಟ ತೆಗೆದರು. ಸುಮ್ಮನಿದ್ದುಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಈ ಮನುಷ್ಯನಿಂದ ಸುಳ್ಳು ಆಗುವುದಿಲ್ಲ ಎಂದು ಗೊತ್ತಿದ್ದೂ ಬೇಡಿಕೊಂಡೆ.

"ನಾನು ಹೇಳಲಿಲ್ಲ," ಎಂದರು. "ನಿಮ್ಮ ಅಜ್ಜನ ವಿಷಯ ಏನೂ ಹೇಳಲಿಲ್ಲ. ಅವರು ಎದ್ದದ್ದು ಊಟಕ್ಕೆ."

ಆಮ್ನಾ ಕೈಯಲ್ಲಿದ್ದ ಫೋನನ್ನು ನೋಡಿದರು. "ಅಮ್ಮನಿಗೆ ಎಂಬತ್ತಾರು ವರ್ಷ," ಎಂದರು. "ಇನ್ನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನಿಂದ ಆಗುವುದಿಲ್ಲ." ಕೋಟು ಹಾಕಿಕೊಂಡರು. ನನ್ನನ್ನು ತಬ್ಬಿಕೊಂಡರು, ಇವರಿಗೆ ತಲೆಬಾಗಿದರು, ಹೊರಟರು. ಊಟಕ್ಕೆ ನಿಲ್ಲಿ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.

ಭಾನುವಾರ ವಾಪಸು ಹೊರಟಾಗ ಮಳೆ ಹಿಡಿಯಿತು. ಶಾಲು, ಪೇಟ, ಫಲಕ ಡಿಕ್ಕಿಯಲ್ಲಿ, ಹಣ್ಣಿನ ಬುಟ್ಟಿ ನನ್ನ ಪಕ್ಕದಲ್ಲಿ. ಹೋಗುವಾಗ ಕಳೆದುಹೋದ ಒಂದು ಗಂಟೆ ಇಂಡಿಯಾನಾ ಗಡಿಯಲ್ಲಿ ಮತ್ತೆ ಸಿಕ್ಕಿತು. ಏನು ಮಾಡುವುದು ಎಂದು ಯಾರಿಗೂ ತೋಚಲಿಲ್ಲ. ಒಂದು ಪೆಟ್ರೋಲ್ ಬಂಕಿನಲ್ಲಿ ನಿಂತು, ನೀರಿನಂಥ ಕಾಫಿ ಕುಡಿದೆವು.

"ಭಾವ, ನಾನು ಮಾತಾಡಿ ಅಂದಿದ್ದೆ," ಎಂದ ನಾಗು.

"ಹೌದಪ್ಪ, ನೀನು ಅಂದಿದ್ದೆ," ಎಂದರು.

ಎರಡು ವಾರದ ಮೇಲೆ ಪ್ರಸನ್ನರ ಫೋನ್ ಬಂತು. ನಾಗು ಸ್ಪೀಕರ್ ಹಾಕಿದ್ದ. "ಸಾರಿ ಕಣೋ, ಡೈರೆಕ್ಟರ್‌ನೇ ತೆಗೆದ್ಹಾಕಿದ್ರು. ನನ್ ಹೆಸರೂ ಲಿಸ್ಟಲ್ಲಿದೆ ಅಂತಾರೆ. ನಿಮ್ ಚಿಕಾಗೋ ಕಡೆ ಏನಾದ್ರೂ ಇದ್ರೆ ಹೇಳು." ನಾಗು ಆಗಲಿ ಎಂದ. ಪ್ರಸನ್ನರ ಮೇಲೆ ಸಿಟ್ಟು ಮಾಡಿಕೊಳ್ಳುವ ಸುಖವೂ ನನಗೆ ದಕ್ಕಲಿಲ್ಲ.

ನಾವು ಊರಿಗೆ ಹೊರಡುವ ಮುನ್ನಾದಿನ ಒಂದು ಪಾರ್ಸೆಲ್ ಬಂತು, ಡಿಯರ್‌ಬಾರ್ನ್‌ನಿಂದ. ಒಳಗೆ ತಗಡಿನ ಡಬ್ಬದ ತುಂಬ ಒಣ ದಾಸವಾಳ. ಜೊತೆಗೆ ಆಮ್ನಾ ಎರಡು ಸಾಲು ಬರೆದಿದ್ದರು. ಅಮ್ಮ ಕೊಡಲು ಹೇಳಿದ್ದಾರೆ, ಎದ್ದು ನಿಂತವರಿಗೆಲ್ಲ ಒಂದೊಂದು ಲೋಟ ಮಾಡಿ ಕೊಡಬೇಕಂತೆ ಎಂದು.

ಚಿಕಾಗೋದ ಓಹೇರ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು. ಪ್ರಸನ್ನ ಹೇಳಿದ್ದು ಅಷ್ಟರ ಮಟ್ಟಿಗೆ ನಿಜ. ಅಧಿಕಾರಿ ಡಬ್ಬ ತೆರೆದು, ಮೂಸಿ, ಇದೇನು, ಯಾರಿಗೆ ಎಂದು ಕೇಳಿದ. ಇವರು ಬಾಯಿ ತೆರೆದರು, ಮುಚ್ಚಿದರು. ಚಹಾದ ಹೂವು, ಸ್ನೇಹಿತರಿಗೆ ಎಂದು ನಾನೇ ಹೇಳಿದೆ. ವಿಮಾನ ಏರುವಾಗ ಕೆಳಗೆ ಮಿಷಿಗನ್ ಸರೋವರ ಬೂದಿ ಬಣ್ಣಕ್ಕೆ ತಿರುಗಿತ್ತು. ಅದರ ಆಚೆಯ ದಡ ಕಾಣುತ್ತದೆಯೋ ಎಂದು ನೋಡಿದೆ, ಕಾಣಲಿಲ್ಲ. ಇವರು ಡಬ್ಬವನ್ನು ಮೇಲಿನ ಗೂಡಿನಲ್ಲಿ ಇಡಲು ಬಿಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು, ಡೆಟ್ರಾಯಿಟ್‌ಗೆ ಹೋಗುವಾಗ ಭಾಷಣ ಇಟ್ಟುಕೊಂಡಿದ್ದ ಹಾಗೆ.

ಮೈಸೂರಿಗೆ ಬಂದು ಮೂರನೆಯ ದಿನ, ಮಧ್ಯಾಹ್ನದ ಕಾಫಿಗೆ ಪುಡಿ ಮುಗಿದಿತ್ತು. ಆ ದಾಸವಾಳವನ್ನೇ ಒಂದು ಲೋಟ ಕುದಿಸಿ ಕೊಡಲೇ ಎಂದು ಕೇಳಿದೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಅದು ಎದ್ದು ನಿಂತೋರಿಗೆ ಕಣೇ," ಎಂದರು. "ನಮಗಲ್ಲ."